ಕೊಸರಿಗೆ ಬಂದ ಬಿಂದಿಗೆ

ಚಿನ್ನದ ಗಣಿಯ ಆಳುಗಳ ಮನೆಸಾಲಾದ ನಮ್ಮ ಲೈನಿನ ಕದಿರಪ್ಪ ಸತ್ತದ್ದು ಒಂದು ಶನಿವಾರ ಮಧ್ಯಾಹ್ನ. ಬದುಕಿದ್ದು ಭಾನುವಾರ ಸಂಜೆ. ನಡುವಿನ ಹೊತ್ತಿನಲ್ಲಿ ಅವನು ಬಂಗಾರಪೇಟೆಯ ತಂಗಿಯ ಮನೆಯಲ್ಲಿ ಮುದ್ದೆ ಉಂಡು ಗೊರಕೆ ಹೊಡೆಯುತ್ತಿದ್ದ ಎಂಬುದನ್ನು ಲೈನಿನ ಜನ ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಕೆಲಸ ಬಿಟ್ಟು, ಕೈಯಿಂದ ಕಾಸು ಹಾಕಿ, ಗಂಟಲು ಹರಿಯುವಂತೆ ಅತ್ತವರಿಗೆ ಕೊನೆಗೆ ಒಂದು ಹೆಣವನ್ನಾದರೂ ಕೊಡಬೇಕಾದದ್ದು ಮರ್ಯಾದೆ. ಕದಿರಪ್ಪ ಅದನ್ನೂ ಕೊಡಲಿಲ್ಲ.

ಇದಕ್ಕೆಲ್ಲ ಮೂಲ ಒಂದು ಹಿತ್ತಾಳೆ ಬಿಂದಿಗೆ. ಅದು ಅವನ ಹೆಂಡತಿ ಅಮ್ಮಾಜಮ್ಮನಿಗೆ ಕಾಮಸಮುದ್ರದ ತವರಿನಿಂದ ಬಂದದ್ದು. ಮೇಲೆ ಅವಳ ಹೆಸರು ಕೆತ್ತಿಸಿತ್ತು. ಮದುವೆಯಾಗಿ ಬಂದ ದಿನದಿಂದ ಅವಳ ಸೊಂಟ ಬಿಟ್ಟು ಅದು ಬೇರೆ ಕಡೆ ಕೂತದ್ದನ್ನು ನಾವು ಯಾರೂ ಕಂಡಿರಲಿಲ್ಲ. ಒಂದು ಸಲ ಅದಕ್ಕೆ ನಗ್ಗು ಬಿತ್ತು. ಬಡಿಸಿಕೊಂಡು ಬರುತ್ತೇನೆಂದು ಕದಿರಪ್ಪ ಅದನ್ನು ಎತ್ತಿಕೊಂಡು ಬಂಗಾರಪೇಟೆಯ ರೈಲು ಹತ್ತಿದ. ರೈಲಿನಲ್ಲಿ ಯಾರೋ ಒಬ್ಬ, ಯಾವ ಅಂಗಡಿಯಲ್ಲಿ ಕೊಸರು ಹೆಚ್ಚು ಹಾಕುತ್ತಾರೆ ಎಂದು ಮಾತು ತೆಗೆದ. ಆ ಮಾತಿನ ರುಚಿಯಲ್ಲಿ ಕದಿರಪ್ಪ ಬಂಗಾರಪೇಟೆಯಲ್ಲಿ ಇಳಿದ. ಬಿಂದಿಗೆ ಇಳಿಯಲಿಲ್ಲ.

ಅಮ್ಮಾಜಮ್ಮ ಅಳಲಿಲ್ಲ, ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ಒಂದು ಸೀಮೆಎಣ್ಣೆ ಡಬ್ಬಕ್ಕೆ ಹಗ್ಗ ಕಟ್ಟಿಕೊಂಡು ನಲ್ಲಿಗೆ ಹೋದಳು. ಅಷ್ಟೆ. ಡಬ್ಬದ ಅಂಚು ಅವಳ ಸೀರೆಯನ್ನು ಹರಿಯುತ್ತಿತ್ತು, ಕಲ್ಲಿಗೆ ತಗುಲಿದರೆ ಡಣ್ ಎನ್ನುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಕದಿರಪ್ಪನಿಗೆ ತುತ್ತು ಇಳಿಯುತ್ತಿರಲಿಲ್ಲ. ಅವಳು ಬಾಯಿತುಂಬ ಬೈದಿದ್ದರೆ ಅವನು ಎರಡು ದಿನ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದ, ಈ ಕಥೆಯೂ ಇರುತ್ತಿರಲಿಲ್ಲ. ಬೈಯದೆ ಇರುವ ಹೆಂಡತಿಯ ಮುಂದೆ ಗಂಡಸು ಏನಾದರೂ ದೊಡ್ಡದು ಮಾಡಿ ತೋರಿಸಲೇಬೇಕು ಎಂದುಕೊಳ್ಳುತ್ತಾನೆ. ಕದಿರಪ್ಪ, ಕಾಸು ಖರ್ಚಿಲ್ಲದೆ ಬಿಂದಿಗೆ ತರುತ್ತೇನೆಂದು ತೀರ್ಮಾನ ಮಾಡಿದ.

ಆಗ ನಮ್ಮ ಕಡೆ ಅಂಗಡಿಯವರಲ್ಲಿ ಪೈಪೋಟಿ ಹೆಚ್ಚಿತ್ತು. ಕದಿರಪ್ಪ ಅವರನ್ನೆಲ್ಲ ಪರೀಕ್ಷೆಗೆ ಹಚ್ಚಿದ. ಬಂಗಾರಪೇಟೆಯ ಶೆಟ್ಟರ ಅಂಗಡಿಯಲ್ಲಿ ಏನು ಕೊಂಡರೂ ಮೇಲೆ ಒಂದು ಹಿಡಿ ಹುರಿಗಡಲೆ ಕೊಸರು. ಆದರೆ ಹಿಡಿ ಶೆಟ್ಟರದ್ದೇ ಆಗಿರಬೇಕು. ಅವರು ಊಟಕ್ಕೆ ಎದ್ದು ಅಳಿಯ ಕೂತರೆ ಹಿಡಿ ಸಣ್ಣದಾಗುತ್ತಿತ್ತು. ಆಂಡರ್ಸನ್‌ಪೇಟೆಯ ಒಂದು ಅಂಗಡಿಯಲ್ಲಿ ಬಣ್ಣದ ಕಾಗದದ ಚೀಟಿ ಕೊಡುತ್ತಿದ್ದರು. ವರ್ಷವಿಡೀ ಕೂಡಿಟ್ಟರೆ ದೇವರ ಪಟವೋ ಮುಖ ನೋಡುವ ಕನ್ನಡಿಯೋ ಸಿಗುತ್ತಿತ್ತು. ಗಣಿಯಿಂದ ಬಂದವನ ಬೆವರಿಗೆ ಆ ಚೀಟಿ ಉಂಡೆಯಾಗುತ್ತಿತ್ತು, ಉಳಿದದ್ದನ್ನು ಇಲಿ ತಿನ್ನುತ್ತಿತ್ತು. ರಾಬರ್ಟ್‌ಸನ್‌ಪೇಟೆಯ ಅಳಗಪ್ಪ ಚೆಟ್ಟಿಯಾರ್ ಮಾತ್ರ ಗಟ್ಟಿ ಮನುಷ್ಯ. ಒಂದು ರೂಪಾಯಿ ಸಾಮಾನಿಗೆ ತಕ್ಕಡಿ ಚಿತ್ರ ಒತ್ತಿದ ಒಂದು ಹಿತ್ತಾಳೆ ಬಿಲ್ಲೆ; ಬಿಲ್ಲೆಗಳನ್ನು ಪೋಣಿಸಿ ಒಂದು ಸರ ಮಾಡಿಕೊಂಡು ಬಂದರೆ, ಅಂಗಡಿಯ ತೊಲೆಗೆ ತೂಗುಹಾಕಿದ್ದ ಬಿಂದಿಗೆಗಳಲ್ಲಿ ಒಂದು.

ತಲೆಯೆತ್ತಿ ಆ ಬಿಂದಿಗೆಗಳನ್ನು ನೋಡಿದ ಮೇಲೆ ಕದಿರಪ್ಪ ಬೇರೆ ಅಂಗಡಿಯನ್ನು ಮನಸ್ಸಿನಿಂದ ತೆಗೆದುಹಾಕಿದ. ಆದರೆ ಪರೀಕ್ಷೆ ಬಿಡಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವನಿಗೆ ಹೆಸರು ಬಂದಿತ್ತು. ಸಂಜೆಯಾದರೆ ಮನೆಯ ಮುಂದೆ ಚಪ್ಪಡಿಯ ಮೇಲೆ ಕೂತು ತೀರ್ಪು ಕೊಡುತ್ತಿದ್ದ. "ಬೇಳೆಗೆ ಶೆಟ್ರತಾವ ಓಗು. ಎಣ್ಣೆಗೆ ಅಲ್ಲಿ ಕಾಲಿಡಬ್ಯಾಡ. ಬಿಲ್ಲೆ ಬೇಕಂದ್ರೆ ಚೆಟ್ಟಿಯಾರೇ ಗತಿ." ಪಕ್ಕದ ಮನೆಯ ಮುನಿನಾರಾಯಣಮ್ಮ ಅವನನ್ನು ಕೇಳದೆ ಕಾಲು ಸೇರು ಮೆಣಸಿನಕಾಯಿ ಕೊಳ್ಳುತ್ತಿರಲಿಲ್ಲ. ನೋಡನೋಡುತ್ತ ಇಡೀ ಲೈನು ಬಿಲ್ಲೆ ಕೂಡಿಡಲು ಹತ್ತಿತು. ಹೆಂಗಸರ ಸೆರಗಿನ ತುದಿಯಲ್ಲೆಲ್ಲ ಗಂಟು.

ಒಂದೇ ತೊಂದರೆ. ಬಿಲ್ಲೆ ಬೇಗ ಬೇಕೆಂದರೆ ಸಾಮಾನು ಬೇಗ ಕೊಳ್ಳಬೇಕು. ಕೊಂಡದ್ದು ಕೆಡಬಾರದು. ಕದಿರಪ್ಪ ಯೋಚನೆ ಮಾಡಿ ಉಪ್ಪು ಮತ್ತು ಹುಣಸೆಹಣ್ಣನ್ನು ಆರಿಸಿಕೊಂಡ. ಮೊದಲು ಮಡಕೆಗಳು ತುಂಬಿದವು, ಆಮೇಲೆ ರಾಗಿಯ ಗುಡಾಣ, ಆಮೇಲೆ ಮಂಚದ ಕೆಳಗಿನ ಜಾಗ. ಅಕ್ಕಿಗೆ, ಬೇಳೆಗೆ ಕೈಯಲ್ಲಿ ಏನೂ ಉಳಿಯಲಿಲ್ಲ. ಆ ಮನೆಯಲ್ಲಿ ದಿನವೂ ಹುಣಸೆಹಣ್ಣಿನ ಸಾರು, ಅದೂ ಬೇಳೆ ಇಲ್ಲದ್ದು. ಹಲ್ಲು ಚುಳ್ಳೆನ್ನದೆ ಅಲ್ಲಿ ಯಾರೂ ಊಟ ಮುಗಿಸುತ್ತಿರಲಿಲ್ಲ. ಉಳಿತಾಯ ಅಂದರೆ ಇದು ಎಂದು ಕದಿರಪ್ಪ ಎದೆ ತಟ್ಟಿಕೊಂಡು ಹೇಳುತ್ತಿದ್ದ. ಅಮ್ಮಾಜಮ್ಮ ಹುಣಸೆಹಣ್ಣು ಕಿವುಚುತ್ತಿದ್ದಳು. ಬಿಂದಿಗೆಯ ವಿಷಯ ಅವನು ಅವಳಿಗೆ ಹೇಳಿರಲಿಲ್ಲ, ತಂದು ಮುಂದಿಟ್ಟಾಗ ಅವಳ ಮುಖ ನೋಡಬೇಕೆಂದು.

ಇಲ್ಲಿ ಗಣಿಯ ಬಿಲ್ಲೆಯ ವಿಷಯವನ್ನೂ ಹೇಳಿಬಿಡಬೇಕು. ಕೆಳಗೆ ಇಳಿಯುವ ಪ್ರತಿಯೊಬ್ಬನೂ ಟೈಂ ಆಫೀಸಿನ ಕಿಟಕಿಯಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದಾಗ ಅದೇ ಕಿಟಕಿಯಲ್ಲಿ ಪೆಟ್ಟಿಗೆಗೆ ಹಾಕಬೇಕು. ಗುಮಾಸ್ತ ಆಮೇಲೆ ಒಂದೊಂದನ್ನೇ ತೆಗೆದು ಹಲಗೆಯ ಮೇಲೆ ಅದರದರ ಕೊಕ್ಕೆಗೆ ಹಾಕುತ್ತಾನೆ. ಕೊಕ್ಕೆ ಖಾಲಿ ಇದೆ ಎಂದರೆ ಆ ಆಳು ಇನ್ನೂ ಭೂಮಿಯೊಳಗೆ ಇದ್ದಾನೆ ಎಂದು ಅರ್ಥ. ಚೆಟ್ಟಿಯಾರ್ ತಮ್ಮ ಬಿಲ್ಲೆಗಳನ್ನು ಮಾಡಿಸಿದ್ದು ಕಂಪನಿಗೆ ಬಿಲ್ಲೆ ಮಾಡಿಕೊಡುತ್ತಿದ್ದ ಅದೇ ಮನುಷ್ಯನ ಕೈಯಲ್ಲಿ, ಅದೇ ತಗಡಿನಲ್ಲಿ, ಅದೇ ಅಳತೆಗೆ. ಒಂದಕ್ಕೆ ನಂಬರು, ಇನ್ನೊಂದಕ್ಕೆ ತಕ್ಕಡಿ. ಕದಿರಪ್ಪ ಎರಡನ್ನೂ ಸೊಂಟದ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ.

ಆ ಶನಿವಾರ ಬೆಳಗಿನ ಪಾಳಿಗೆ ಹೋಗುವ ಮೊದಲು ಅವನು ಕೊನೆಯ ಒಂದು ರೂಪಾಯಿಗೆ ಉಪ್ಪು ಕೊಂಡು ಕೊನೆಯ ಬಿಲ್ಲೆ ಗಿಟ್ಟಿಸಿದ್ದ. ಪಾಳಿ ಮುಗಿದು ಆಳುಗಳನ್ನು ಇಳಿಸಿ ಏರಿಸುವ ಕೇಜಿನಿಂದ ಹೊರಗೆ ಬಂದಾಗ ಅವನ ಕಣ್ಣಲ್ಲಿ ಬಿಂದಿಗೆ ಬಿಟ್ಟು ಬೇರೆ ಏನೂ ಇರಲಿಲ್ಲ. ಚೀಲಕ್ಕೆ ಕೈ ಹಾಕಿದ, ಸಿಕ್ಕಿದ ಬಿಲ್ಲೆಯನ್ನು ಪೆಟ್ಟಿಗೆಗೆ ಎಸೆದ, ಮೈ ಕೂಡ ತೊಳೆಯದೆ ಚೆಟ್ಟಿಯಾರ್ ಅಂಗಡಿಗೆ ಓಡಿದ. ಅಂಗಡಿಯಲ್ಲಿ ಶನಿವಾರದ ಜನ. ಚೆಟ್ಟಿಯಾರ್ ಬಿಲ್ಲೆಗಳನ್ನು ಎಣಿಸುವ ಪೈಕಿ ಅಲ್ಲ, ತೂಗುವವರು. ಒಂದು ತಟ್ಟೆಗೆ ತಮ್ಮ ಸರ, ಇನ್ನೊಂದಕ್ಕೆ ಇವನ ಬಿಲ್ಲೆಗಳು. ಮುಳ್ಳು ನಡುವೆ ನಿಂತಿತು. "ಸರಿ ಇರುದಪ್ಪಾ" ಎಂದು ತೊಲೆಯಿಂದ ಬಿಂದಿಗೆ ಇಳಿಸಿಕೊಟ್ಟರು.

ನೇರವಾಗಿ ಮನೆಗೆ ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಳೆಯ ಬಿಂದಿಗೆಯ ಮೇಲೆ ಹೆಸರಿತ್ತು. ಇದರ ಮೇಲೆ ಇಲ್ಲ. ಬೋಳು ಬಿಂದಿಗೆಯನ್ನು ಅಮ್ಮಾಜಮ್ಮನ ಮುಂದೆ ಇಡಲು ಕದಿರಪ್ಪನಿಗೆ ಮನಸ್ಸಾಗಲಿಲ್ಲ. ಸ್ಟೇಷನ್ನಿಗೆ ಹೋಗಿ ಬಂಗಾರಪೇಟೆ ರೈಲು ಹತ್ತಿದ. ಈ ಸಲ ಬಿಂದಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದ. ಹೆಸರು ಕೆತ್ತುವ ಜಯರಾಮಪ್ಪ ನಾಳೆ ಬೆಳಿಗ್ಗೆ ಬಾ ಎಂದ. ಕದಿರಪ್ಪ ತಂಗಿ ಚಿಕ್ಕವೆಂಕಟಮ್ಮನ ಮನೆಗೆ ಹೋಗಿ ಬಿಂದಿಗೆಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ.

ಅತ್ತ ಮಧ್ಯಾಹ್ನವೇ, ಅವನು ರೈಲು ಹತ್ತುವ ಹೊತ್ತಿಗೆ, ಗಣಿಯೊಳಗೆ ಬಂಡೆ ಸಿಡಿದಿತ್ತು. ನಮ್ಮ ಕಡೆಯವರಿಗೆ ಇದು ಕಾಲಿನಿಂದಲೇ ಗೊತ್ತಾಗುತ್ತದೆ. ನೆಲ ಒಂದು ಸಲ ಹೆಗಲು ಕೊಡವಿದಂತಾಗುತ್ತದೆ, ಗೋಡೆಯ ಮೇಲಿನ ಪಾತ್ರೆ ಗಲಗುಟ್ಟುತ್ತದೆ, ಹೆಂಗಸರು ಒಲೆ ಬಿಟ್ಟು ಬೀದಿಗೆ ಬರುತ್ತಾರೆ. ಸಂಗು ಕೂಗಿತು. ಪಾಳಿ ಬದಲಾಗುವ ಹೊತ್ತಾದ್ದರಿಂದ ಒಳಗೆ ಜನ ಕಡಿಮೆ ಇದ್ದರು. ಆ ಸೈರನ್ನು ಕೇಳಿ ಇದ್ದವರೆಲ್ಲ ಮೇಲೆ ಬಂದರು. ಬಿಲ್ಲೆ ತಾಳೆ ನೋಡಿದರು. ಒಂದೇ ಕೊಕ್ಕೆ ಖಾಲಿ. ಕದಿರಪ್ಪನದು. ಸಿಡಿದದ್ದೂ ಅವನು ಕೆಲಸ ಮಾಡುತ್ತಿದ್ದ ಕಡೆಯೇ.

ಮುನಿಸ್ವಾಮಪ್ಪ ಮೇಸ್ತ್ರಿ ಒಂದಷ್ಟು ಜನರನ್ನು ಕಟ್ಟಿಕೊಂಡು ಅವನನ್ನು ಅಗೆದು ತೆಗೆಯಲು ಕೆಳಗೆ ಇಳಿದರು. ಅವರ ಜೊತೆ ಇಳಿದವರಲ್ಲಿ ಅಮ್ಮಾಜಮ್ಮನ ತಮ್ಮ ವೆಂಕಟಸ್ವಾಮಿಯೂ ಒಬ್ಬ. ಬಂಡೆ ಇನ್ನೂ ಚಿಟಚಿಟ ಎನ್ನುತ್ತಿತ್ತು. ಬೇಡ ಎಂದವರ ಮಾತು ಅವನು ಕೇಳಲಿಲ್ಲ. ಅಮ್ಮಾಜಮ್ಮ ನೀರಿಗೆಂದು ಹೊರಟಿದ್ದವಳು ಡಬ್ಬ ಹಿಡಿದುಕೊಂಡೇ ಗಣಿಗೆ ಇಳಿಯುವ ಶಾಫ್ಟಿನ ಬಾಯಿಗೆ ಬಂದು ಕೂತವಳು ಏಳಲಿಲ್ಲ. ಬಳೆ ತೆಗೆಸಬೇಕೆಂದು ಮುದುಕಿಯರು ಬಂದಾಗ, "ಮೈ ಮ್ಯಾಕೆ ಬರ್ಲಿ. ಆಮ್ಯಾಕೆ ನೋಡಾನ" ಎಂದಳಂತೆ. ಬಿಂದಿಗೆ ಹೋದ ಮೇಲೆ ಅವಳು ಇಷ್ಟು ಉದ್ದ ಮಾತನಾಡಿದ್ದು ಅದೇ ಮೊದಲು.

ಭಾನುವಾರ ಮಧ್ಯಾಹ್ನ ಕದಿರಪ್ಪ ಹೆಸರು ಕೆತ್ತಿಸಿದ ಬಿಂದಿಗೆಯೊಡನೆ ವಾಪಸ್ಸು ರೈಲು ಹತ್ತಿದ. ಎದುರಿಗೆ ಕೂತಿದ್ದ ಮುದುಕನೊಬ್ಬ ಗಣಿಯ ಸುದ್ದಿ ಹೇಳಿದ.

"ಬಂಡೆ ಸಿಡಿದು ಒಬ್ಬ ಒಳಗೇ ಉಳ್ಕೊಂಡವ್ನಂತೆ. ಎಸ್ರು ಗೊತ್ತಿಲ್ಲ. ಬರೀ ಉಪ್ಪು ಹುಣ್ಸೇಹಣ್ಣು ಕೊಂಡು ಮನೆ ತುಂಬ್ಕೊಂಡಿದ್ದನಂತೆ ಪುಣ್ಯಾತ್ಮ. ಚೆಟ್ಟಿಯಾರ್ ಬಿಲ್ಲೆ ಹುಚ್ಚು."

ಕದಿರಪ್ಪ ಮುದುಕನ ಕಡೆ ಬಾಗಿದ. ತನ್ನ ಹಾಗೆ ಇನ್ನೊಬ್ಬ ಇದ್ದ, ತನಗೆ ಗೊತ್ತಿಲ್ಲದೆ ಇದ್ದ, ಗೊತ್ತಾಗುವ ಮೊದಲೇ ಹೋಗಿಬಿಟ್ಟ.

"ಅಯ್ಯೋ ಪಾಪ. ಬಿಂದಿಗೆ ಸಿಕ್ಕಿತ್ತಾ ಅವನ್ಗೆ?" ಎಂದು ಕೇಳಿದ.

"ಎಲ್ಲಿ ಸಿಗ್ತೈತೆ? ಒಳಗೆ ಉಳ್ಕೊಂಡ ಅಂತ ಯೋಳಿಲ್ವಾ?"

ಕದಿರಪ್ಪ ತನ್ನ ಬಿಂದಿಗೆಯನ್ನು ಇನ್ನೂ ಗಟ್ಟಿಯಾಗಿ ತಬ್ಬಿಕೊಂಡು, ಸತ್ತವನಿಗಾಗಿ ಒಂದು ನಿಟ್ಟುಸಿರು ಬಿಟ್ಟ. ಬದುಕಿರುವಾಗ ತನ್ನ ಸಾವಿಗೆ ಇಷ್ಟು ಮನಃಪೂರ್ವಕ ಮರುಗಿದವರು ನಮ್ಮ ತಾಲ್ಲೂಕಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಲೈನಿಗೆ ಬಂದರೆ ತಮಟೆ ಬಡಿಯುತ್ತಿತ್ತು. ತನ್ನ ಮನೆಯ ಮುಂದೆಯೇ ಜನ. ಸತ್ತವನು ನಮ್ಮ ಲೈನಿನವನೇ ಇರಬೇಕು ಎಂದುಕೊಂಡು ಅವನು ಟವೆಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಮರ್ಯಾದೆಯಾಗಿ ಹಿಂದಿನ ಸಾಲಿನಲ್ಲಿ ನಿಂತ. ನಡುವೆ ಮುನಿನಾರಾಯಣಮ್ಮ ಎದೆ ಬಡಿದುಕೊಂಡು ರಾಗವಾಗಿ ಅಳುತ್ತಿದ್ದಳು.

"ಅಯ್ಯೋ ನನ್ನಪ್ಪಾ, ಕೇಳ್ದಾಗೆಲ್ಲ ಉಪ್ಪು ಕೊಟ್ಟ ಧರ್ಮಾತ್ಮಾ! ನಿನ್ನ ಉಪ್ಪಿನ ಋಣ ಎಂಗೆ ತೀರುಸ್ಲೋ ಕದಿರಣ್ಣಾ! ನಾನಾದ್ರೂ ಓಗ್ಬಾರ್ದಾ ನಿನ್ನ ಬದ್ಲು, ಕದಿರಣ್ಣಾ!"

"ನಾನು ಇಲ್ಲೇ ಇವ್ನಲ್ಲಮ್ಮ" ಎಂದ ಕದಿರಪ್ಪ.

ಮುನಿನಾರಾಯಣಮ್ಮ ತಲೆಯೆತ್ತಿದಳು. ಅಳು ಅರ್ಧಕ್ಕೆ ನಿಂತಿತು. ಜನ ತಿರುಗಿ ನೋಡಿದರು. ಒಂದಿಬ್ಬರು ಹಿಂದಕ್ಕೆ ಸರಿದರು, ಒಬ್ಬ ಮುದುಕಿ ಉಗುಳಿದಳು. ಹೆದರಿಕೆ ಇಳಿದ ಮೇಲೆ ಎಲ್ಲರಿಗೂ ಬಂದದ್ದು ಸಿಟ್ಟು.

"ಎಲ್ಲಿಗ್ಲಾ ಓಗಿದ್ದೆ?"

"ಬಂಗಾರಪೇಟೇಗೆ. ಎಸ್ರು ಆಕ್ಸಕ್ಕೆ."

"ನಾವು ರಾತ್ರಿಯೆಲ್ಲ ಅತ್ತಿದ್ದೀವಿ ಕಣ್ಲಾ! ಕೂಳು ನೀರು ಮುಟ್ಟಿಲ್ಲ!" ಎಂದಳು ಮುನಿನಾರಾಯಣಮ್ಮ. ಅಣ್ಣ ಎನ್ನುವುದು ಆಗಲೇ ಹೋಗಿತ್ತು.

ತಮಟೆಯವರು ಮಾತ್ರ ಬಡಿಯುವುದನ್ನು ನಿಲ್ಲಿಸಲಿಲ್ಲ. ಸಾಯಂಕಾಲದ ತನಕ ಎಂದು ಕೂಲಿ ಮಾತಾಗಿತ್ತು, ದುಡ್ಡೂ ಸಂದಿತ್ತು; ಲೈನಿನವರ ಕೈಯಲ್ಲಿದ್ದುದೆಲ್ಲ ಅದಕ್ಕೂ ಹೂವಿಗೂ ಹೋಗಿತ್ತು.

ವಿಷಯ ಪೂರ್ತಿ ಕೇಳಿದ ಮೇಲೆ ಕದಿರಪ್ಪ ಹೌಹಾರಿದ. ತಾನು ಸತ್ತೆ ಎಂಬುದಕ್ಕಲ್ಲ. ತನಗಾಗಿ ಮುನಿಸ್ವಾಮಪ್ಪ ಮೇಸ್ತ್ರಿ, ವೆಂಕಟಸ್ವಾಮಿ ಇನ್ನೂ ಕೆಳಗೆ ಅಗೆಯುತ್ತಿದ್ದಾರೆ ಎಂಬುದಕ್ಕೆ. ಶಾಫ್ಟಿನ ಕಡೆಗೆ ಓಡಿದ. ಹಿಂದೆ ಜನ, ಅವರ ಹಿಂದೆ ತಮಟೆ.

ಅಮ್ಮಾಜಮ್ಮ ಅಲ್ಲಿ ಕಲ್ಲಿನ ಮೇಲೆ ಕೂತಿದ್ದಳು, ಡಬ್ಬ ಪಕ್ಕದಲ್ಲಿ. ಅವನನ್ನು ನೋಡಿದಳು. ಅವನ ಕೈಯಲ್ಲಿದ್ದ ಬಿಂದಿಗೆ ನೋಡಿದಳು. ಮತ್ತೆ ಅವನನ್ನು ನೋಡಿದಳು. ಇದೇ ಗಳಿಗೆಗಾಗಿ ಕದಿರಪ್ಪ ತಿಂಗಳುಗಟ್ಟಲೆ ಹುಳಿ ಕುಡಿದಿದ್ದ. ಅವಳ ಮುಖದಲ್ಲಿ ಅವನು ಅಂದುಕೊಂಡಿದ್ದ ಯಾವುದೂ ಇರಲಿಲ್ಲ. ರಾತ್ರಿಯೆಲ್ಲ ಕತ್ತಲೆ ನೋಡಿದ ಕಣ್ಣು ಬೆಳಕನ್ನು ತಕ್ಷಣ ನಂಬುವುದಿಲ್ಲ. ಅವಳು ಕೈ ಚಾಚಿ ಅವನ ಮೊಣಕೈಯನ್ನು ಒಂದು ಸಲ ಹಿಡಿದು ನೋಡಿ ಬಿಟ್ಟಳು.

"ನನ್ನ ತಮ್ಮ ಕೆಳಗವ್ನೆ. ಕರಸು" ಎಂದಳು.

ಟೈಂ ಆಫೀಸಿನ ಕಿಟಕಿಯಲ್ಲಿ ಗುಮಾಸ್ತ ಶ್ರೀನಿವಾಸಪ್ಪ ಕೂತಿದ್ದರು. ನಿಯಮ ಎಂದರೆ ಪ್ರಾಣ ಬಿಡುವವರು. ಅವತ್ತು ಬೇರೆಯವರದ್ದನ್ನೂ ಬಿಡಿಸುವಂತಿದ್ದರು.

"ಸ್ವಾಮೀ, ನಾನೇ ಕದಿರಪ್ಪ. ಮ್ಯಾಲೇ ಇವ್ನಿ. ಅವ್ರನ್ನ ಕರ್ಸಿ ಸ್ವಾಮೀ."

"ನೋಡ್ತಾ ಇದೀನಲ್ಲಪ್ಪ. ನೋಡಿ ಏನು ಮಾಡಲಿ? ನಿನ್ನ ಮುಖಾನ ಕೊಕ್ಕೆಗೆ ಹಾಕೋಕಾಗುತ್ತಾ?"

"ನಾನು ಸತ್ತಿಲ್ಲ ಸ್ವಾಮೀ."

"ಸತ್ತಿದ್ದೀಯ ಅಂತ ನಾನೆಲ್ಲಿ ಹೇಳಿದೆ? ನಿನ್ನ ಬಿಲ್ಲೆ ಕೆಳಗಿದೆ ಅಂತ ಹೇಳ್ತಿರೋದು. ಬಿಲ್ಲೆ ಕೆಳಗಿದ್ರೆ ಅದನ್ನ ಹಿಡ್ಕೊಂಡು ಯಾರೋ ಕೆಳಗಿರಬೇಕು. ನೀನು ಬದಲಿ ಆಳು ಕಳಿಸಿ ಊರು ಸುತ್ತೋಕೆ ಹೋಗಿದ್ಯೋ ಏನೋ, ನನಗೇನು ಗೊತ್ತು? ಕೊಕ್ಕೆ ತುಂಬೋ ತನಕ ಅಗೆಯೋದು ನಿಲ್ಲಿಸಬಾರದು ಅಂತ ದೊರೆಗಳ ಅಪ್ಪಣೆ."

ಇದು ಪೂರ್ತಿ ದಡ್ಡ ಮಾತಲ್ಲ. ಬದಲಿ ಆಳನ್ನು ಕಳಿಸುವುದು ನಮ್ಮಲ್ಲಿ ನಡೆಯುತ್ತಿತ್ತು. ಕದಿರಪ್ಪ ಎಲೆಯಡಿಕೆ ಚೀಲ ಬಿಚ್ಚಿ ಕೊಡವಿದ. ಒಂದು ಅಡಿಕೆ ಚೂರು ಬಿತ್ತು. ಆಗ ಅವನಿಗೆ ಎಲ್ಲ ಹೊಳೆಯಿತು, ಹೊಳೆದದ್ದನ್ನು ಅಲ್ಲೇ ಕೂಗಿ ಹೇಳಿದ.

"ನನ್ನ ಬಿಲ್ಲೇನ ಚೆಟ್ಟಿಯಾರ್ಗೆ ಕೊಟ್ಬುಟ್ಟಿವ್ನಿ! ಅವ್ರ ಬಿಲ್ಲೆ ನಿಮ್ಮ ಪೆಟ್ಟಿಗೇಗೆ ಆಕಿವ್ನಿ! ನೋಡಿ ಸ್ವಾಮೀ, ತಕ್ಕಡಿ ಗುರ್ತಿಂದು!"

ಶ್ರೀನಿವಾಸಪ್ಪನವರ ಕೈ ಕೋಟಿನ ಜೇಬಿನ ಹತ್ತಿರ ಹೋಗಿ ಹಿಂದಕ್ಕೆ ಬಂತು.

"ಅಂಥದ್ದು ಯಾವುದೂ ಬಂದಿಲ್ಲ. ನಂಬರ್ ಇಲ್ಲದ ಬಿಲ್ಲೆ ತಗೊಳ್ಳೋಕೆ ನಾನೇನು ಕುರುಡನಾ? ಹೋಗು, ನಿನ್ನ ಬಿಲ್ಲೆ ತಗೊಂಡು ಬಾ."

ಮೆರವಣಿಗೆ ರಾಬರ್ಟ್‌ಸನ್‌ಪೇಟೆಗೆ ತಿರುಗಿತು. ಮುಂದೆ ಸತ್ತವನು, ಕೈಯಲ್ಲಿ ಬಿಂದಿಗೆ, ಪಕ್ಕದಲ್ಲಿ ಹೆಂಡತಿ, ಹಿಂದೆ ಅತ್ತವರು, ಕೊನೆಗೆ ತಮಟೆ. ದಾರಿಯಲ್ಲಿ ಜನ ಎದ್ದು ನಿಂತು ಕೈಮುಗಿದು, ಹೆಣ ಎಲ್ಲಿದೆ ಎಂದು ಹುಡುಕುತ್ತಿದ್ದರು.

ಚೆಟ್ಟಿಯಾರ್ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ವಿಭೂತಿ ಸರಿಮಾಡಿಕೊಳ್ಳುತ್ತಿದ್ದರು.

"ಎನ್ನಪ್ಪಾ ಕದಿರಪ್ಪ, ನೀನು ಸತ್ತೋಗಿಬಿಟ್ಟೆ ಅಂತ ಸೊನ್ನಾಂಗ?"

"ಇಲ್ಲ ಚೆಟ್ಟಿಯಾರೇ."

"ರೊಂಬ ಸಂತೋಷಂ. ಏನು ಬೇಕು? ಹುಣಸೆಹಣ್ಣಾ?"

ವಿಷಯ ಕೇಳಿ ಅವರು ನಿನ್ನೆಯ ಸರ ತೆಗೆದು ಒಂದೊಂದೇ ಬಿಲ್ಲೆ ಸರಿಸಿದರು. ನಂಬರಿನ ಬಿಲ್ಲೆ ಸಿಕ್ಕಿತು. ಕದಿರಪ್ಪ ಕೈ ನೀಡಿದ. ಚೆಟ್ಟಿಯಾರ್ ಮುಷ್ಟಿ ಮುಚ್ಚಿದರು.

"ಇದು ನನ್ನದು ಇಲ್ಲ, ಒಪ್ಪಿಕೊಂಡೆ. ಹಾಗಾದರೆ ನನಗೆ ಒಂದು ಕಮ್ಮಿ ಬಂತಲ್ಲ? ಪೂರಾ ಬಿಂದಿಗೆ ಕೊಟ್ಟಿದ್ದೀನಪ್ಪಾ. ನನ್ನ ಬಿಲ್ಲೆ ಒಂದು ಕೊಡು, ನಿನ್ನ ಬಿಲ್ಲೆ ತಗೋ. ಇಲ್ಲಾ, ಬಿಂದಿಗೆ ವಾಪಸ್ ಇಡು."

ಕದಿರಪ್ಪ ಒಂದು ಗಳಿಗೆ ಅಮ್ಮಾಜಮ್ಮನ ಮುಖ ನೋಡಿದ. ಆಮೇಲೆ ಬಿಂದಿಗೆಯನ್ನು ಎತ್ತಿ ಅಂಗಡಿಯ ಕಟ್ಟೆಯ ಮೇಲೆ ಇಟ್ಟ. ಚೆಟ್ಟಿಯಾರ್ ಅದನ್ನು ತಿರುಗಿಸಿ ನೋಡಿ ಹಣೆ ಚಚ್ಚಿಕೊಂಡರು.

"ಹೆಸರು ಹಾಕಿಬಿಟ್ಟಿದ್ದೀಯಲ್ಲಪ್ಪಾ! ಇದನ್ನು ಯಾರು ತಗೊಳ್ತಾರೆ? ಇನ್ನೊಂದು ಅಮ್ಮಾಜಮ್ಮನನ್ನು ನಾನು ಎಲ್ಲಿ ಹುಡುಕಲಿ?"

"ಅಂಗಾದ್ರೆ ಒಂದು ರೂಪಾಯಿ ಉಪ್ಪು ಸಾಲ ಕೊಡಿ ಚೆಟ್ಟಿಯಾರೇ. ಅದ್ಕೆ ಬರೋ ಬಿಲ್ಲೆ ನೀವೇ ಇಟ್ಕಳಿ."

"ಸತ್ತವನಿಗೆ ಸಾಲ ಕೊಡುವ ಪದ್ಧತಿ ನಮ್ಮ ಅಂಗಡೀಲಿ ಇಲ್ಲೆ. ಮೊದಲು ಬದುಕು. ಆಮೇಲೆ ಬಂದು ಸಾಲ ಕೇಳು."

ಕದಿರಪ್ಪ ಜನರ ಕಡೆ ತಿರುಗಿದ. ಅವನ ಮಾತು ಕೇಳಿಕೊಂಡು ಬಿಲ್ಲೆ ಕೂಡಿಟ್ಟವರೇ ಎಲ್ಲರೂ. ಒಂದು ಬಿಲ್ಲೆ ಸಾಕಾಗಿತ್ತು. ಆದರೆ ಒಬ್ಬನ ಬಿಲ್ಲೆ ಪೆಟ್ಟಿಗೆಯಲ್ಲಿತ್ತು, ಬೀಗದ ಕೈ ಅತ್ತೆಯ ಹತ್ತಿರ. ಇನ್ನೊಬ್ಬನದು ದೇವರ ಗೂಡಿನಲ್ಲಿ, ಭಾನುವಾರ ಮುಟ್ಟುವಂತಿಲ್ಲ. ಮತ್ತೊಬ್ಬನಿಗೆ ಬಿಲ್ಲೆ ಎಂದರೆ ಏನು ಎಂಬುದೇ ಆ ಹೊತ್ತಿಗೆ ಮರೆತುಹೋಗಿತ್ತು. ಮುನಿನಾರಾಯಣಮ್ಮನಿಗೆ ಇಂಥ ಅನುಕೂಲ ಇರಲಿಲ್ಲ; ಅವಳ ಸೆರಗಿನ ಗಂಟು ಎಲ್ಲರಿಗೂ ಕಾಣುತ್ತಿತ್ತು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ನಂದೂ ಇನ್ನೇನು ಸರ ತುಂಬೋ ಅಂಗೈತೆ" ಎಂದಳು. "ಒಂದು ಓದ್ರೆ ಮತ್ತೆ ಒಂದ್ರುಪಾಯಿ ಸಾಮಾನು ಕೊಳ್ಬೇಕು. ನಾನು ಎಲ್ಲಿಂದ ತರ್ಲಿ? ನನ್ಗೂ ಬಿಂದಿಗೆ ಬ್ಯಾಡ್ವಾ?"

ಸ್ವಲ್ಪ ಹೊತ್ತಿನ ಮೊದಲು ಅವನ ಬದಲು ಸಾಯಲು ಸಿದ್ಧಳಾಗಿದ್ದವಳು. ಅವಳನ್ನು ಬೈದು ಪ್ರಯೋಜನವಿಲ್ಲ. ಸಾಯುತ್ತೇನೆ ಎನ್ನುವುದಕ್ಕೆ ರೂಪಾಯಿ ಬೇಕಾಗುವುದಿಲ್ಲ.

ಆಗ ಕಾಲಡಿಯ ನೆಲ ಸಣ್ಣಗೆ ನಡುಗಿತು. ತೊಲೆಗೆ ತೂಗುಹಾಕಿದ್ದ ಬಿಂದಿಗೆಗಳು ಒಂದಕ್ಕೊಂದು ತಗುಲಿ ಕಿಣಿಕಿಣಿ ಎಂದವು. ತಮಟೆ ತಾನಾಗಿ ನಿಂತಿತು.

ಅಮ್ಮಾಜಮ್ಮ ಕಟ್ಟೆಯ ಮೇಲಿನಿಂದ ಬಿಂದಿಗೆ ಎತ್ತಿಕೊಂಡಳು. ತನ್ನ ಹೆಸರಿನ ಮೇಲೆ ಒಂದು ಸಲ ಕೈ ಆಡಿಸಿದಳು. ಓದಲು ಬಾರದ ಹೆಂಗಸು, ಆದರೂ ಎಲ್ಲಿದೆ ಎಂದು ಬೆರಳಿಗೆ ಗೊತ್ತಾಯಿತು. ಆಮೇಲೆ ಮುನಿನಾರಾಯಣಮ್ಮನ ಹತ್ತಿರ ಹೋಗಿ, ಬಿಂದಿಗೆಯನ್ನು ಅವಳ ಸೊಂಟದ ಮೇಲೆ ಕೂರಿಸಿ, ಅವಳ ಕೈಯನ್ನು ತೆಗೆದು ಅದರ ಸುತ್ತ ಇಟ್ಟಳು. ಅವಳ ಸೆರಗಿನ ಗಂಟನ್ನು ತಾನೇ ಬಿಚ್ಚಿದಳು. ಒಂದು ಬಿಲ್ಲೆ ತೆಗೆದುಕೊಂಡು, ಉಳಿದದ್ದನ್ನು ಮತ್ತೆ ಗಂಟು ಹಾಕಿ ಕೊಟ್ಟಳು. ಆ ಒಂದನ್ನು ಚೆಟ್ಟಿಯಾರ್ ತಕ್ಕಡಿಯಲ್ಲಿ ಹಾಕಿ, ಅವರ ಮುಷ್ಟಿಯಿಂದ ಗಂಡನ ಬಿಲ್ಲೆ ತೆಗೆದುಕೊಂಡು ಓಡಿದಳು. ಅವಳು ಓಡಬಲ್ಲಳು ಎಂದು ನಮಗೆ ಅವತ್ತೇ ಗೊತ್ತಾದದ್ದು. ಕದಿರಪ್ಪ ಅವಳ ಹಿಂದೆ ಓಡಿದ.

ಕೊಕ್ಕೆಗೆ ಬಿಲ್ಲೆ ಬಿತ್ತು. ಸಂಗು ಕೂಗಿತು. ಕೇಜು ಮೇಲೆ ಬಂತು. ಮುನಿಸ್ವಾಮಪ್ಪ ಮೇಸ್ತ್ರಿ ಮೊದಲು ಇಳಿದರು, ಕೊನೆಗೆ ವೆಂಕಟಸ್ವಾಮಿ, ತಲೆಯಿಂದ ಕಾಲಿನ ತನಕ ಬಂಡೆಯ ಪುಡಿ. ಅವರು ಬೀಡಿ ಹಚ್ಚುವಷ್ಟರಲ್ಲಿ ಕೆಳಗೆ ಮತ್ತೊಮ್ಮೆ ಸಿಡಿಯಿತು. ಈ ಸಲದ್ದು ದೊಡ್ಡದು. ಬೀಡಿ ಹಿಡಿದಿದ್ದ ಕೈಗಳು ಹಾಗೆಯೇ ನಿಂತವು.

ವೆಂಕಟಸ್ವಾಮಿ ಭಾವನ ಕಡೆ ತಿರುಗಿದ.

"ಎಲ್ಲಿದ್ದೆ ಭಾವಾ?"

"ಬಂಗಾರಪೇಟೇಲಿ."

"ಯಾಕೆ?"

"ಬಿಂದಿಗೇಗೆ ಅಮ್ಮಾಜಿ ಎಸ್ರು ಆಕ್ಸಕ್ಕೆ."

"ಎಲ್ಲಿ ಬಿಂದಿಗೆ?"

ಕದಿರಪ್ಪ ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತುಬಿಟ್ಟ. ಅವನ ಸಾವಿಗೆ ಬಂದವರಲ್ಲಿ ಆ ಹೊತ್ತಿಗೆ ಅಳುತ್ತಿದ್ದವನು ಅವನೊಬ್ಬನೇ.

ಪೆಟ್ಟಿಗೆಗೆ ಬಿದ್ದ ತಕ್ಕಡಿ ಗುರುತಿನ ಬಿಲ್ಲೆ ಏನಾಯಿತು ಎಂದು ನೀವು ಕೇಳಬಹುದು. ಯುಗಾದಿಯ ಹೊತ್ತಿಗೆ ಗುಮಾಸ್ತ ಶ್ರೀನಿವಾಸಪ್ಪನವರ ಹೆಂಡತಿ ಚೆಟ್ಟಿಯಾರ್ ಅಂಗಡಿಯಿಂದ ಒಂದು ಹೊಸ ಬಿಂದಿಗೆ ತಂದರು. ಶ್ರೀನಿವಾಸಪ್ಪನವರು ಅದನ್ನು ನೋಡಿದಾಗಲೆಲ್ಲ ಕೋಟಿನ ಜೇಬು ಮುಟ್ಟಿಕೊಳ್ಳುತ್ತಿದ್ದರಂತೆ. ಅವತ್ತು ಪೆಟ್ಟಿಗೆಯಿಂದ ಮೊದಲು ಕೈಗೆ ಸಿಕ್ಕಿದ್ದೇ ಆ ಬಿಲ್ಲೆ. ಯಾವನೋ ಮಂಕ ತಪ್ಪಿ ಹಾಕಿದ್ದಾನೆ, ಮನೆಗಾಗುತ್ತದೆ ಎಂದು ಜೇಬಿಗೆ ಹಾಕಿಕೊಂಡಿದ್ದರು. ಆಮೇಲೆ ಹೇಳಿದರೆ ಕೆಲಸ ಹೋಗುತ್ತಿತ್ತು. ಉಳಿತಾಯದ ಬುದ್ಧಿ ಅಷ್ಟು ಹೊತ್ತಿಗೆ ಆಫೀಸಿನ ಒಳಗೂ ಹಬ್ಬಿತ್ತು.

ಕದಿರಪ್ಪ ಈಗ ಯಾವ ಅಂಗಡಿಯ ವಿಷಯವೂ ಮಾತನಾಡುವುದಿಲ್ಲ. ಕೇಳಿದರೆ, "ಎಲ್ಲಾದ್ರೂ ಕೊಳ್ಳಿ" ಎನ್ನುತ್ತಾನೆ. ಹುಣಸೆಹಣ್ಣು ಇನ್ನೂ ಮುಗಿದಿಲ್ಲ. ಮುನಿನಾರಾಯಣಮ್ಮ ದಿನವೂ ಆ ಬಿಂದಿಗೆಯಲ್ಲೇ ನೀರು ಹೊರುತ್ತಾಳೆ. ಓದು ಬಂದವರು ಯಾರಾದರೂ ಮೇಲಿನ ಹೆಸರು ನೋಡಿ ಕೇಳಿದರೆ, "ಎಸ್ರು ಅವಳ್ದು, ಬಿಂದಿಗೆ ನಂದು" ಎಂದು ಸೊಂಟ ತಿರುಗಿಸುತ್ತಾಳೆ.

ಅಮ್ಮಾಜಮ್ಮ ಡಬ್ಬದಲ್ಲೇ ತರುತ್ತಾಳೆ. ಆದರೆ ಲೈನಿನ ನಲ್ಲಿಗೆ ಬರುವುದಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ಟೈಂ ಆಫೀಸಿನ ಎದುರಿಗಿನ ನಲ್ಲಿಗೆ ಹೋಗಿ ಡಬ್ಬ ಹಿಡಿಯುತ್ತಾಳೆ. ಅಲ್ಲಿಂದ ಕಿಟಕಿಯೊಳಗಿನ ಹಲಗೆ ಕಾಣುತ್ತದೆ. ನಂಬರು ಓದಲು ಬಾರದಿದ್ದರೂ ಯಾವ ಕೊಕ್ಕೆ ಎಂದು ಅವಳಿಗೆ ಗೊತ್ತು. ಅದಕ್ಕೆ ಬಿಲ್ಲೆ ಬಿದ್ದ ಮೇಲೆ ನಲ್ಲಿ ನಿಲ್ಲಿಸಿ, ಡಬ್ಬ ಎತ್ತಿಕೊಂಡು, ಗಂಡನ ಕಡೆ ತಿರುಗಿಯೂ ನೋಡದೆ ಮನೆಗೆ ಹೊರಡುತ್ತಾಳೆ. ಕದಿರಪ್ಪ ಮೇಲೆ ಬರುವುದು ತಡವಾದ ದಿನ ಡಬ್ಬ ತುಂಬಿ ನೀರು ಹೊರಚೆಲ್ಲಿ ಅಂಗಳವೆಲ್ಲ ಹರಿಯುತ್ತದೆ. ಕಂಪನಿಯ ನೀರು ಪೋಲಾಗುತ್ತಿದೆ ಎಂದು ಶ್ರೀನಿವಾಸಪ್ಪನವರು ಕಿಟಕಿಯಿಂದ ನೋಡುತ್ತಾರೆ, ನಲ್ಲಿ ನಿಲ್ಲಿಸಮ್ಮ ಎಂದು ಮಾತ್ರ ಹೇಳುವುದಿಲ್ಲ.